ಒಂದೇ ನೂಲಿನ ಪಟ

ಭಾರತೀಯ ದರ್ಶನಗ್ರಂಥಗಳಲ್ಲಿ ಮಡಕೆ ಮತ್ತು ಬಟ್ಟೆಯಷ್ಟು ಪದೇ ಪದೇ ಕಾಣಿಸಿಕೊಳ್ಳುವ ವಸ್ತುಗಳು ಕಡಿಮೆ. ‘ಘಟ-ಪಟ’ ಎಂಬ ಜೋಡುಪದ ತರ್ಕಶಾಸ್ತ್ರಕ್ಕೇ ಅಡ್ಡಹೆಸರಾಗುವಷ್ಟರ ಮಟ್ಟಿಗೆ ಈ ಎರಡು ಉದಾಹರಣೆಗಳು ಪಂಡಿತರ ನಾಲಗೆಯ ಮೇಲೆ ಸವೆದಿವೆ. ನೂಲು ಬಟ್ಟೆಯಾದಾಗ ಲೋಕದಲ್ಲಿ ಹಿಂದೆ ಇಲ್ಲದಿದ್ದ ವಸ್ತುವೊಂದು ಹುಟ್ಟಿತೇ, ಅಥವಾ ಇದ್ದ ನೂಲೇ ಬೇರೊಂದು ಹೆಸರು ಹೊತ್ತು ನಿಂತಿತೇ ಎಂಬುದು ಅಲ್ಲಿನ ಹಳೆಯ ವ್ಯಾಜ್ಯ. ಮೇಲುನೋಟಕ್ಕೆ ಮಾತಿನ ಕಸರತ್ತಿನಂತೆ ಕಂಡರೂ ಅದರ ಬೆನ್ನಿಗಿರುವುದು ಗಂಭೀರವಾದ ಮತಪ್ರಶ್ನೆ: ಜಗತ್ತು ಬ್ರಹ್ಮದಿಂದ ಬಂದಿತೆನ್ನುವುದಾದರೆ, ಹಾಗೆ ಬಂದ ಜಗತ್ತು ಬ್ರಹ್ಮವೇ ಆಗಿದೆಯೇ, ಬೇರೆಯೇ, ಇಲ್ಲವೇ ಬರಿಯ ತೋರಿಕೆಯೇ? ಈ ಚರ್ಚೆಯುದ್ದಕ್ಕೂ ‘ಪಟ’ ಎಂದರೆ ಮಗ್ಗದ ಮೇಲೆ ನೆಯ್ದ ಬಟ್ಟೆ. ಕಡ್ಡಿಯಲ್ಲಿ ಹೆಣೆದ ಬಟ್ಟೆಯ ಸ್ವಭಾವ ಅದಕ್ಕಿಂತ ಬೇರೆ. ಎರಡು ಮೂರು ಸಂಜೆ ಕುಳಿತು ಮುಗಿಸಬಹುದಾದ ಬೆರಳಿಲ್ಲದ ಕೈಗವಸೊಂದನ್ನು ಅದೇ ವಾದಗಳ ಮುಂದೆ ಇಟ್ಟು ನೋಡಿದರೆ, ಕೆಲವು ವಾದಗಳಿಗೆ ಹೊಸ ಬಲ ಬರುತ್ತದೆ, ಕೆಲವಕ್ಕೆ ಹಿಂದೆ ಕಾಣದಿದ್ದ ಬಿರುಕು ಕಾಣುತ್ತದೆ.

ದರ್ಶನಕಾರರು ಹೆಣಿಗೆಯನ್ನು ಉದಾಹರಣೆಯಾಗಿ ಹಿಡಿಯದಿದ್ದುದಕ್ಕೆ ಕಾರಣ ಸರಳವಾದುದು. ಎರಡು ಕಡ್ಡಿಗಳಿಂದ ಹೆಣೆಯುವ ಕಲೆಯ ಅತ್ಯಂತ ಹಳೆಯ ಕುರುಹುಗಳಲ್ಲಿ ಮುಖ್ಯವಾದವು ಈಜಿಪ್ಟಿನಲ್ಲಿ ದೊರೆತ ನೀಲಿ-ಬಿಳಿ ಹತ್ತಿಯ ಕಾಲುಚೀಲಗಳು. ಅವುಗಳ ಕಾಲ ಸುಮಾರು 11ರಿಂದ 14ನೆಯ ಶತಮಾನ. ಅದಕ್ಕಿಂತ ಹಳೆಯ, 3ರಿಂದ 5ನೆಯ ಶತಮಾನದ ಈಜಿಪ್ಟಿನ ಕಾಲುಚೀಲಗಳು ನೋಡಲು ಹೆಣೆದಂತೆಯೇ ಇದ್ದರೂ ಅವು ಒಂಟಿ ಸೂಜಿಯಿಂದ ಕುಣಿಕೆ ಹಾಕಿ ಮಾಡಿದವು. ಭಾರತದ ಶಾಸ್ತ್ರಕಾರರ ಕಣ್ಣೆದುರಿಗಿದ್ದುದು ಮಗ್ಗ, ಲಾಳಿ, ಹಾಸು ಮತ್ತು ಹೊಕ್ಕು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಗಾರ್ಗಿ ಯಾಜ್ಞವಲ್ಕ್ಯನನ್ನು ಕೇಳುವ ಪ್ರಶ್ನೆಯೇ ನೇಕಾರಿಕೆಯ ಭಾಷೆಯಲ್ಲಿದೆ: ಇದೆಲ್ಲವೂ ಯಾವುದರಲ್ಲಿ ಓತವೂ ಪ್ರೋತವೂ ಆಗಿದೆ ಎಂದು ಆಕೆ ಕೇಳುತ್ತ ಹೋಗಿ, ಕೊನೆಗೆ ನಾಶವಿಲ್ಲದ ಅಕ್ಷರತತ್ತ್ವದ ಮುಂದೆ ಪ್ರಶ್ನೆಯನ್ನು ನಿಲ್ಲಿಸುತ್ತಾಳೆ. ಓತ-ಪ್ರೋತ ಎಂದರೆ ಕನ್ನಡದ ಹಾಸುಹೊಕ್ಕು. ಉದ್ದಕ್ಕೆ ಬಿಗಿದ ಎಳೆಗಳ ನಡುವೆ ಅಡ್ಡ ಎಳೆ ಹಾಯುವುದು. ಎರಡು ದಿಕ್ಕು, ಎರಡು ಬಗೆಯ ಎಳೆ, ಅವೆರಡರ ಕೂಡುವಿಕೆ ಇಲ್ಲದೆ ನೇಯ್ಗೆಯಿಲ್ಲ. ಹೆಣಿಗೆಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ನೂಲು ತನ್ನನ್ನೇ ತಾನು ಹಾದು, ತನ್ನ ಹಿಂದಿನ ಕುಣಿಕೆಯನ್ನೇ ತಾನು ಹಿಡಿದು ನಿಲ್ಲುತ್ತದೆ.

ಕೈಗವಸಿನ ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಸಾಧಾರಣ ದಪ್ಪದ ಉಣ್ಣೆಯ ನೂಲಿನಿಂದ ವಯಸ್ಕರ ಕೈಗೆ ಹೆಣೆಯುವಾಗ ಕಡ್ಡಿಯ ಮೇಲೆ ಸುಮಾರು 40 ಕುಣಿಕೆಗಳನ್ನು ಏರಿಸಿ, ಅವನ್ನು ಎರಡೂ ತುದಿ ಚೂಪಾಗಿರುವ ಮೂರು ನಾಲ್ಕು ಕಡ್ಡಿಗಳಿಗೆ ಹಂಚಿ, ಬಳೆಯಂತೆ ಸುತ್ತು ಕೂಡಿಸಿಕೊಳ್ಳುತ್ತಾರೆ. ಮಣಿಕಟ್ಟಿನ ಭಾಗದಲ್ಲಿ ಎರಡು ಕುಣಿಕೆ ಸೀದಾ, ಎರಡು ಕುಣಿಕೆ ಉಲ್ಟಾ ಎಂಬ ಕ್ರಮದಲ್ಲಿ ಹೆಣೆದಾಗ ಅಂಚು ಉದ್ದುದ್ದ ಗೆರೆಗಳಾಗಿ ಕುಗ್ಗಿ ಕೈಗೆ ಅಂಟಿ ಕೂರುತ್ತದೆ. ಸೀದಾ ಎಂದರೆ ಹೊಸ ಕುಣಿಕೆಯನ್ನು ಹಳೆಯದರ ಹಿಂದಿನಿಂದ ಮುಂದಕ್ಕೆ ಎಳೆಯುವುದು, ಉಲ್ಟಾ ಎಂದರೆ ಮುಂದಿನಿಂದ ಹಿಂದಕ್ಕೆ ಎಳೆಯುವುದು. ಹೆಬ್ಬೆರಳಿನ ಜಾಗ ಬಂದಾಗ ಕೆಲವು ಕುಣಿಕೆಗಳನ್ನು ಬೇರೆ ದಾರಕ್ಕೆ ಏರಿಸಿ ಬದಿಗಿಟ್ಟು ಉಳಿದುದನ್ನು ಮುಂದುವರಿಸುತ್ತಾರೆ. ಹೀಗೆ 50 ಸುತ್ತು ಹೆಣೆದರೆ ಒಂದು ಗವಸಿನಲ್ಲಿ ಸುಮಾರು 2000 ಕುಣಿಕೆಗಳಾಗುತ್ತವೆ. ಉಂಡೆಯಿಂದ ಬಂದ ಎಳೆ ಎಲ್ಲಿಯೂ ತುಂಡಾಗುವುದಿಲ್ಲ, ಎಲ್ಲಿಯೂ ಗಂಟು ಬೀಳುವುದಿಲ್ಲ. ಒಂದೊಂದು ಕುಣಿಕೆಯೂ ತನ್ನ ಕೆಳಗಿನದನ್ನು ಹಿಡಿದಿರುತ್ತದೆ, ಮೇಲಿನದರಿಂದ ತಾನು ಹಿಡಿಸಿಕೊಂಡಿರುತ್ತದೆ. ನಡುವೆ ಒಂದು ಜಾರಿತೆಂದರೆ ಅದರ ಕೆಳಗಿನವೆಲ್ಲ ಸಾಲಾಗಿ ಬಿಚ್ಚಿಕೊಂಡು ಏಣಿಯಂತೆ ಅಡ್ಡಪಟ್ಟಿಗಳಷ್ಟೇ ಉಳಿಯುತ್ತವೆ.

ನ್ಯಾಯ-ವೈಶೇಷಿಕರ ಮತದಲ್ಲಿ ಕಾರ್ಯವು ಹುಟ್ಟುವ ಮುನ್ನ ಎಲ್ಲಿಯೂ ಇರುವುದಿಲ್ಲ. ಹುಟ್ಟಿದ ಮೇಲೆ ಅದು ಕಾರಣಕ್ಕಿಂತ ಬೇರೆಯಾದ ಹೊಸ ದ್ರವ್ಯ. ಇದಕ್ಕೆ ಆರಂಭವಾದವೆಂದು ಹೆಸರು. ಅವರು ಕಾರಣವನ್ನು ಮೂರಾಗಿ ವಿಂಗಡಿಸುತ್ತಾರೆ. ಕಾರ್ಯವು ಯಾವುದರಲ್ಲಿ ಬಿಡಿಸಲಾಗದಂತೆ ನೆಲೆಸಿ ಹುಟ್ಟುತ್ತದೆಯೋ ಅದು ಸಮವಾಯಿ ಕಾರಣ, ಬಟ್ಟೆಗೆ ನೂಲುಗಳಿದ್ದಂತೆ. ಆ ನೂಲುಗಳ ಪರಸ್ಪರ ಸಂಯೋಗ ಅಸಮವಾಯಿ ಕಾರಣ. ನೇಕಾರ, ಮಗ್ಗ, ಲಾಳಿ ಮುಂತಾದವು ನಿಮಿತ್ತ ಕಾರಣ. 17ನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ಮೂರನ್ನು ಬಟ್ಟೆಯ ಉದಾಹರಣೆಯೊಂದಿಗೇ ಕಲಿತಿರುತ್ತಾನೆ. ಕೈಗವಸಿನ ಮುಂದೆ ಈ ವಿಂಗಡಣೆಯ ಎರಡನೆಯ ಅಂಗ ತೊಡಕಿಗೆ ಸಿಕ್ಕುತ್ತದೆ. ಸಂಯೋಗವೆಂದರೆ ಬೇರೆ ಬೇರೆಯಾಗಿದ್ದ ಎರಡು ವಸ್ತುಗಳ ಕೂಡುವಿಕೆ. ಒಂದೇ ವಸ್ತು ತನ್ನೊಡನೆ ತಾನು ಕೂಡಿತೆನ್ನಲು ಆ ಶಾಸ್ತ್ರದಲ್ಲಿ ಎಡೆಯಿಲ್ಲ. ಗವಸಿನಲ್ಲಿ ಇರುವುದು ಒಂದೇ ನೂಲಾದರೆ ಕೂಡಿದವು ಯಾವುವು? ನೈಯಾಯಿಕರ ಕಡೆಯಿಂದ ಇದಕ್ಕೆ ಉತ್ತರ ಕೊಡಲು ಸಾಧ್ಯವಿದೆ: ಕೂಡಿದುದು ನೂಲು ನೂಲಿನೊಡನಲ್ಲ, ನೂಲಿನ ಒಂದು ಭಾಗ ಇನ್ನೊಂದು ಭಾಗದೊಡನೆ, ಭಾಗಗಳು ಬೇರೆಯಾದ್ದರಿಂದ ಸಂಯೋಗಕ್ಕೆ ಅಡ್ಡಿಯಿಲ್ಲ. ಉತ್ತರ ಸರಿಯೇ. ಆದರೆ ಅದನ್ನು ಒಪ್ಪಿದ ಕ್ಷಣದಲ್ಲಿ ಗವಸಿಗೆ ನೂಲು ಸಮವಾಯಿ ಕಾರಣವೆಂಬ ಮಾತನ್ನು ಬಿಟ್ಟು, ನೂಲಿನ ಭಾಗಗಳೇ ನೇರವಾಗಿ ಗವಸಿಗೆ ಕಾರಣವೆನ್ನಬೇಕಾಗುತ್ತದೆ, ಮತ್ತು ನೂಲೆಂಬ ಅಖಂಡ ವಸ್ತು ಕಣ್ಣೆದುರಿಗೇ ಇದ್ದರೂ ಲೆಕ್ಕದಿಂದ ಹೊರಗೆ ಉಳಿಯುತ್ತದೆ.

ಎದುರು ಪಕ್ಷದವರಾದ ಸಾಂಖ್ಯರ ಪಾಲಿಗೆ ಕಾರ್ಯವು ಹುಟ್ಟುವ ಮೊದಲೇ ಕಾರಣದಲ್ಲಿ ಇರುತ್ತದೆ, ಹುಟ್ಟುವುದೆಂದರೆ ಪ್ರಕಟವಾಗುವುದು ಮಾತ್ರ. ಈ ಸತ್ಕಾರ್ಯವಾದವನ್ನು ಸಮರ್ಥಿಸುತ್ತ ವಾಚಸ್ಪತಿ ಮಿಶ್ರನು ತತ್ತ್ವಕೌಮುದಿಯಲ್ಲಿ ಕೊಡುವ ಯುಕ್ತಿಗಳಲ್ಲಿ ತೂಕದ ಯುಕ್ತಿ ಬಹಳ ಚೆಲುವಾದುದು: ಬಟ್ಟೆ ನೂಲಿಗಿಂತ ಬೇರೆಯಾದ ದ್ರವ್ಯವಾಗಿದ್ದರೆ ಅದರ ತೂಕ ನೂಲಿನ ತೂಕದ ಜೊತೆಗೆ ಸೇರಿ ತಕ್ಕಡಿ ಇನ್ನಷ್ಟು ಬಾಗಬೇಕಿತ್ತು, ಆದರೆ ಹಾಗೆ ಬಾಗುವುದಿಲ್ಲ. 25 ಗ್ರಾಂ ನೂಲು ಹಿಡಿದ ಗವಸು 25 ಗ್ರಾಂ ಮಾತ್ರ ತೂಗುತ್ತದೆ. ಬಿಡಿ ನೂಲು ಮೈ ಮುಚ್ಚದು, ಬಟ್ಟೆ ಮುಚ್ಚುತ್ತದೆ, ಆದ್ದರಿಂದ ಎರಡೂ ಬೇರೆ ಎಂಬ ಆಕ್ಷೇಪಕ್ಕೆ ಅವನು ಪಲ್ಲಕ್ಕಿ ಹೊರುವವರನ್ನು ಕರೆತರುತ್ತಾನೆ: ಒಬ್ಬೊಬ್ಬನಿಂದ ಆಗದ ಕೆಲಸ ಎಲ್ಲರೂ ಕೂಡಿದಾಗ ಆಗುತ್ತದೆ, ಅದರಿಂದ ಹೊಸದೊಬ್ಬ ಮನುಷ್ಯ ಹುಟ್ಟಿದನೆಂದೇನೂ ಅರ್ಥವಲ್ಲ. ಮಗ್ಗದ ಬಟ್ಟೆಗೆ ಒಪ್ಪುವ ಈ ಮಾತು ಹೆಣಿಗೆಗೆ ಹೊಂದುವುದಿಲ್ಲ, ಏಕೆಂದರೆ ಇಲ್ಲಿ ಹೊರುವವರು ಹಲವರಿಲ್ಲ. ಇರುವುದು ಒಂದೇ ಎಳೆ. ಉದ್ದವಾಗಿ ಬಿದ್ದಿದ್ದಾಗ ಅಂಗೈಯನ್ನು ಬೆಚ್ಚಗಿಡಲಾರದ ಅದೇ ಎಳೆ ಕುಣಿಕೆಗಟ್ಟಿದಾಗ ಬೆಚ್ಚಗಿಡುತ್ತದೆ. ಹೆಚ್ಚಿದುದು ಆಳುಗಳ ಸಂಖ್ಯೆಯಲ್ಲ, ಕ್ರಮ. ಕ್ರಮವೆಂಬುದು ವಸ್ತುವೇ ಅಲ್ಲವೇ ಎಂಬ ನಿಜವಾದ ಪ್ರಶ್ನೆಯನ್ನು ಪಲ್ಲಕ್ಕಿಯ ದೃಷ್ಟಾಂತ ಮರೆಮಾಡಿತ್ತು, ಹೆಣಿಗೆ ಅದನ್ನು ಬಯಲಿಗೆ ತರುತ್ತದೆ.

ಶಂಕರಾಚಾರ್ಯರು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಆರಂಭಣಾಧಿಕರಣದಲ್ಲಿ ಕಾರ್ಯವು ಕಾರಣಕ್ಕಿಂತ ಬೇರೆಯಲ್ಲವೆಂದು ಸ್ಥಾಪಿಸುವಾಗ ಸುತ್ತಿಟ್ಟ ಬಟ್ಟೆಯನ್ನು ಬಿಡಿಸಿ ಹರಡುವ ದೃಷ್ಟಾಂತವನ್ನು ಬಳಸುತ್ತಾರೆ: ಸುತ್ತಿಟ್ಟಾಗ ಅದರ ಉದ್ದಗಲ ತಿಳಿಯದು, ಹರಡಿದಾಗ ತಿಳಿಯುತ್ತದೆ, ಆದರೆ ಬಟ್ಟೆ ಅದೇ. ಇದನ್ನೇ ನೂಲಿಗೂ ಅನ್ವಯಿಸಿ, ನೂಲಿನ ಸ್ಥಿತಿಯಲ್ಲಿ ಅಸ್ಪಷ್ಟವಾಗಿದ್ದ ಬಟ್ಟೆ ಮಗ್ಗದ ವ್ಯಾಪಾರದಿಂದ ಸ್ಪಷ್ಟವಾಗುತ್ತದೆ ಎನ್ನುತ್ತಾರೆ. ಇಲ್ಲಿ ಆಚಾರ್ಯರ ಮಾತಿಗೆ ಒಂದು ಗೌರವಪೂರ್ವಕವಾದ ಆಕ್ಷೇಪ ಸಲ್ಲುತ್ತದೆ. ಸುತ್ತಿಟ್ಟ ಸೀರೆಯೊಳಗೆ ಹಾಸುಹೊಕ್ಕು ಆಗಲೇ ಇದೆ. ಉಣ್ಣೆಯ ಉಂಡೆಯೊಳಗೆ ಕುಣಿಕೆಗಳು ಇಲ್ಲ. ಅದೇ ಉಂಡೆ ಗವಸಾಗಬಹುದಿತ್ತು, ಮಗುವಿನ ಕುಲಾವಿಯಾಗಬಹುದಿತ್ತು, ಕಾಲುಚೀಲವಾಗಬಹುದಿತ್ತು. ಇವೆಲ್ಲವೂ ಅಸ್ಪಷ್ಟವಾಗಿ ಒಳಗಿದ್ದವೆಂದರೆ ‘ಇರುವುದು’ ಎಂಬ ಮಾತಿಗೆ ‘ಆಗಬಲ್ಲದು’ ಎಂಬುದಕ್ಕಿಂತ ಹೆಚ್ಚಿನ ಅರ್ಥ ಉಳಿಯುವುದಿಲ್ಲ.

ಆದರೂ ಬಿಚ್ಚುವ ಹೊತ್ತಿನಲ್ಲಿ ಶಂಕರರ ಪಕ್ಷಕ್ಕೆ ಹೆಣಿಗೆಯಷ್ಟು ದೊಡ್ಡ ಸಾಕ್ಷಿ ಇನ್ನೊಂದಿಲ್ಲ. ಮಗ್ಗದ ಬಟ್ಟೆಯನ್ನು ಹರಿದರೆ ದೊರೆಯುವುದು ತುಂಡು ಎಳೆಗಳ ರಾಶಿ. ಒಡೆದ ಮಡಕೆಯಿಂದ ಹಸಿ ಜೇಡಿ ಮರಳಿ ಬರುವುದಿಲ್ಲ. ಕೈಗವಸಿನ ಮುಚ್ಚಿದ ಕೊನೆಯನ್ನು ಸಡಿಲಿಸಿ ಎಳೆದರೆ ಮಾತ್ರ, ಸುತ್ತಿನ ಮೇಲೆ ಸುತ್ತು ಸರಸರನೆ ಕರಗಿ, ಮೊದಲಿದ್ದ ನೂಲು ಮೊದಲಿದ್ದ ಉದ್ದದಲ್ಲಿಯೇ ಕೈಗೆ ಬರುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಹೆಣೆದ ಬಟ್ಟೆ ಆರಂಭದ ಅಂಚಿನಿಂದ ಹೀಗೆ ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. ಕೊನೆಯಲ್ಲಿ ಹುಟ್ಟಿದ ಕುಣಿಕೆ ಮೊದಲು ಹೋಗಬೇಕು, ಮೊದಲು ಹುಟ್ಟಿದುದು ಕೊನೆಗೆ. ಬ್ರಹ್ಮಸೂತ್ರವು ಪ್ರಳಯದ ಬಗ್ಗೆ ಹೇಳುವುದೂ ಇದನ್ನೇ: ಸೃಷ್ಟಿಯ ಕ್ರಮಕ್ಕೆ ತಿರುಗುಮುರುಗಾಗಿ ಲಯವಾಗುತ್ತದೆ, ಪೃಥ್ವಿ ನೀರಿನಲ್ಲಿ, ನೀರು ತೇಜಸ್ಸಿನಲ್ಲಿ ಎಂಬಂತೆ ಕೊನೆಗೆ ಬಂದುದು ಮೊದಲು ಹಿಂದಿರುಗುತ್ತದೆ. ಅಲ್ಲಿ ಭಾಷ್ಯಕಾರರು ಕೊಡುವ ಲೌಕಿಕ ಉದಾಹರಣೆ ಮೆಟ್ಟಿಲು. ಹತ್ತಿದ ಕ್ರಮಕ್ಕೆ ವಿರುದ್ಧವಾಗಿ ಇಳಿಯುವುದು. ಮೆಟ್ಟಿಲು ಮಾತ್ರ ಇಳಿದ ಮೇಲೂ ಹಾಗೆಯೇ ನಿಂತಿರುತ್ತದೆ. ಬಿಚ್ಚಿದ ಗವಸಿನಲ್ಲಿ ಏರಿದ ಮೆಟ್ಟಿಲುಗಳೂ ಉಳಿಯುವುದಿಲ್ಲ, ಆದ್ದರಿಂದ ಈ ಸೂತ್ರಕ್ಕೆ ಹೆಣಿಗೆಯೇ ಹೆಚ್ಚು ತಕ್ಕ ಉದಾಹರಣೆಯೆಂದು ತೋರುತ್ತದೆ.

ಹಾಗಾದರೆ ಗವಸು ನೂಲಿನ ಇನ್ನೊಂದು ಹೆಸರಷ್ಟೇ ಎಂದು ಮುಗಿಸಬಹುದೇ? ಎರಡು ಸಂಗತಿಗಳು ಅದಕ್ಕೆ ಅಡ್ಡಬರುತ್ತವೆ. ಮೊದಲನೆಯದು ಹಿಗ್ಗುವ ಗುಣ. ಹತ್ತಿಯ ನೂಲನ್ನು ಎಳೆದರೆ ಅದು ಹೆಚ್ಚೇನೂ ಹಿಗ್ಗದು. ಅದೇ ನೂಲಿನಿಂದ ಹೆಣೆದ ಗವಸು ಅಗಲವಾದ ಅಂಗೈಯನ್ನು ಒಳಗೆ ಬಿಟ್ಟುಕೊಂಡು ಮತ್ತೆ ಮಣಿಕಟ್ಟನ್ನು ಹಿಡಿಯುತ್ತದೆ, ಏಕೆಂದರೆ ಎಳೆದಾಗ ಕುಣಿಕೆಗಳು ತಮ್ಮ ಆಕಾರವನ್ನು ಬದಲಿಸಿ ಜಾಗ ಕೊಡುತ್ತವೆ. ವೈಶೇಷಿಕರು ಸಂಸ್ಕಾರವೆಂಬ ಗುಣವನ್ನು ಮೂರು ಬಗೆಯಾಗಿ ಹೇಳಿ, ವೇಗ ಮತ್ತು ನೆನಪಿಗೆ ಕಾರಣವಾದ ಭಾವನೆಯ ಜೊತೆಗೆ ಸ್ಥಿತಿಸ್ಥಾಪಕವೆಂಬುದನ್ನು, ಅಂದರೆ ಬಗ್ಗಿಸಿದ ವಸ್ತು ಹಿಂದಿನ ಸ್ಥಿತಿಗೆ ಮರಳುವಂತೆ ಮಾಡುವ ಗುಣವನ್ನು ಎಣಿಸುತ್ತಾರೆ. ಅದಕ್ಕೆ ಅವರ ಉದಾಹರಣೆ ಚಾಪೆ. ನೂಲಿನಲ್ಲಿ ಇಷ್ಟು ಕಾಣದ ಸ್ಥಿತಿಸ್ಥಾಪಕ ಗವಸಿನಲ್ಲಿ ಕಾಣುತ್ತದೆಯಾದರೆ ಅಲ್ಲಿ ಏನೋ ಹೊಸದು ಹುಟ್ಟಿದೆ, ಮತ್ತು ಅದು ಬರಿಯ ಹೆಸರಲ್ಲ. ಚಳಿಗೆ ಮರಗಟ್ಟಿದ ಕೈ ಅದನ್ನು ಅನುಭವದಿಂದ ಬಲ್ಲದು. ಎರಡನೆಯ ಸಂಗತಿ ಬಿಚ್ಚಿದ ನೂಲಿನದು. ಬಹುಕಾಲ ಹೆಣೆದೇ ಇದ್ದ ಉಣ್ಣೆಯನ್ನು ಬಿಚ್ಚಿದರೆ ಅದು ನೇರವಾಗಿ ನಿಲ್ಲದೆ ಅಲೆ ಅಲೆಯಾಗಿ, ಒಂದೊಂದು ಕುಣಿಕೆಯ ಗುರುತನ್ನೂ ಹೊತ್ತು ಸುರುಳಿಗೊಳ್ಳುತ್ತದೆ. ಉಣ್ಣೆಯ ಎಳೆ ಕೆರಟಿನ್ ಎಂಬ ಪ್ರೋಟೀನಿನಿಂದಾದುದು. ಅದರ ಅಣುಗಳ ನಡುವಿನ ಜಲಜನಕದ ಬಂಧಗಳು ಬಾಗಿದ ಆಕಾರಕ್ಕೇ ಹೊಂದಿಕೊಂಡು ಕೂತಿರುತ್ತವೆ, ಆದ್ದರಿಂದ ಲಡಿ ಮಾಡಿ ನೀರಿನಲ್ಲಿ ನೆನೆಸಿ ತೂಗುಹಾಕಿ ಒಣಗಿಸಿದರೆ ಮಾತ್ರ ಅಲೆ ಇಳಿಯುತ್ತದೆ. ಕಾರ್ಯವು ಹೋದ ಮೇಲೂ ಕಾರಣದ ಮೇಲೆ ತನ್ನ ಗುರುತನ್ನು ಬಿಟ್ಟುಹೋಗುತ್ತದೆ ಎಂಬುದು ಘಟ-ಪಟಗಳ ಚರ್ಚೆಯಲ್ಲಿ ಅಷ್ಟಾಗಿ ಎದ್ದುಕಾಣದ ಮಾತು. ಕರ್ಮ ಮತ್ತು ವಾಸನೆಗಳ ಚರ್ಚೆಯಲ್ಲಿ ಮಾತ್ರ ಅದು ಮತ್ತೆ ಮತ್ತೆ ಬರುತ್ತದೆ.

ರಾಮಾನುಜರು ಈ ಎರಡು ತುದಿಗಳ ನಡುವೆ ಹಾದಿ ಹುಡುಕಿ, ದ್ರವ್ಯ ಒಂದೇ, ಅವಸ್ಥೆ ಬೇರೆ, ಆ ಅವಸ್ಥೆಯೂ ಸತ್ಯ ಎಂದರು. ಕರ್ನಾಟಕದ ನೆಲದಲ್ಲಿ ಬೆಳೆದ ಮಾಧ್ವದರ್ಶನ ಇನ್ನೂ ಬಿಗಿಯಾದ ಲಕ್ಷಣವನ್ನು ಕೊಟ್ಟಿತು. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಹೇಳಿ, ಜಯತೀರ್ಥರು ಮತ್ತು ವ್ಯಾಸತೀರ್ಥರಂಥವರು ವಿಸ್ತರಿಸಿದ ಈ ಮತದಲ್ಲಿ, ದ್ರವ್ಯ ಇರುವಷ್ಟು ಕಾಲವೂ ತಾನೂ ಇರುವ ಧರ್ಮವು ಆ ದ್ರವ್ಯದೊಡನೆ ಅಭಿನ್ನ. ದ್ರವ್ಯ ಉಳಿದರೂ ತಾನು ಹೋಗಬಲ್ಲುದು, ಅಂದರೆ ಅಯಾವದ್ದ್ರವ್ಯಭಾವಿಯಾದುದು, ಅದರೊಡನೆ ಭಿನ್ನವೂ ಹೌದು, ಅಭಿನ್ನವೂ ಹೌದು. ನೂಲು ಉಳಿದು ಬಟ್ಟೆ ಹೋಗಬಹುದಾದ್ದರಿಂದ ಅವೆರಡಕ್ಕೂ ಭೇದಾಭೇದ. ಬಟ್ಟೆಯಿಲ್ಲದೆ ನೂಲು ಉಳಿಯಬಹುದೆಂಬುದನ್ನು ಮಗ್ಗದ ಬಟ್ಟೆಯಲ್ಲಿ ಯುಕ್ತಿಯಿಂದ ಒಪ್ಪಬೇಕು. ಕೈಗವಸಿನಲ್ಲಿ ಅದನ್ನು ಒಂದೆರಡು ನಿಮಿಷದಲ್ಲಿ ಕಣ್ಣಾರೆ ನೋಡಬಹುದು. ಹೆಣಿಗೆಯ ವಿಷಯದಲ್ಲಿ ಈ ಮೂರು ನಾಲ್ಕು ಮತಗಳಲ್ಲಿ ಅತ್ಯಂತ ಪ್ರಾಮಾಣಿಕವಾದ ವರ್ಣನೆ ಇದೇ ಎಂದು ಹೇಳಬೇಕಾಗುತ್ತದೆ. ಆದರೆ ಇದರಿಂದ ದೇವರ ಕಡೆಗೆ ನೇರ ಹೆಜ್ಜೆಯಿಡಲು ಮಧ್ವರು ಬಿಡುವುದಿಲ್ಲ, ಏಕೆಂದರೆ ಅವರ ಪಾಲಿಗೆ ದೇವರು ನೂಲಲ್ಲ, ಹೆಣೆಯುವವನು. ಜಗತ್ತಿಗೆ ಪ್ರಕೃತಿ ಉಪಾದಾನ, ಅಂದರೆ ಮೂಲದ್ರವ್ಯ; ಭಗವಂತನು ನಿಮಿತ್ತ ಮಾತ್ರ.

ಹೆಣೆಯುವವರು ಬರಿಯ ನಿಮಿತ್ತವೇ ಎಂಬುದೂ ಯೋಚಿಸತಕ್ಕ ಮಾತು. ಒಂದೇ ಉಂಡೆ, ಒಂದೇ ಅಳತೆಯ ಕಡ್ಡಿ, ಒಂದೇ ಲೆಕ್ಕದ ಕುಣಿಕೆ ಕೊಟ್ಟರೂ ಇಬ್ಬರು ಹೆಣೆದ ಗವಸುಗಳ ಅಳತೆ ಒಂದಾಗುವುದಿಲ್ಲ, ಏಕೆಂದರೆ ನೂಲನ್ನು ಬೆರಳ ಸಂದಿಯಲ್ಲಿ ಹಾಯಿಸುವ ಬಿಗಿ ಒಬ್ಬೊಬ್ಬರದು ಒಂದೊಂದು ಬಗೆ. ಈ ಕಾರಣದಿಂದಲೇ ಅನುಭವಸ್ಥರು ಮೊದಲು ಅಂಗೈಯಗಲದ ಮಾದರಿಯೊಂದನ್ನು ಹೆಣೆದು ಅಳೆದು ನೋಡುತ್ತಾರೆ. ಕಡ್ಡಿಯನ್ನು ಕೆಳಗಿಟ್ಟರೆ ಅದರ ಪಾಲು ಮುಗಿಯಿತು, ಕೈಯ ಬಿಗಿ ಮಾತ್ರ 2000 ಕುಣಿಕೆಗಳಲ್ಲಿಯೂ ಉಳಿಯುತ್ತದೆ. ಮುಂಡಕ ಉಪನಿಷತ್ತು ಜಗತ್ತಿನ ಹುಟ್ಟಿಗೆ ಜೇಡವನ್ನು ಉದಾಹರಿಸುವಾಗ ಬಳಸುವ ಪದ ಊರ್ಣನಾಭಿ, ಹೊಕ್ಕುಳಲ್ಲಿ ಉಣ್ಣೆಯುಳ್ಳದ್ದು. ಕನ್ನಡದ ‘ಉಣ್ಣೆ’ ಬಂದುದೂ ಅದೇ ಊರ್ಣಾ ಶಬ್ದದಿಂದ. ತನ್ನ ನೂಲನ್ನು ತನ್ನಿಂದಲೇ ತೆಗೆಯುವ ಜೇಡ ಉಪಾದಾನವೂ ನಿಮಿತ್ತವೂ ಆಗಿರುವಂತೆ ಹೆಣೆಯುವವಳು ಆಗಲಾರಳು. ಹಾಗೆಂದು ಅವಳು ಲಾಳಿಯಂತೆ ಹೊರಗಿನವಳೂ ಅಲ್ಲ. 12ನೆಯ ಶತಮಾನದ ಶರಣೆ ಕದಿರ ರೆಮ್ಮವ್ವೆ ತಾನು ತಿರುಗಿಸುವ ರಾಟೆಯ ಒಂದೊಂದು ಅಂಗದಲ್ಲಿ ಬ್ರಹ್ಮ, ವಿಷ್ಣು, ರುದ್ರರನ್ನು ಕಂಡದ್ದು, ಉಪಕರಣವನ್ನು ಹೊರಗಿಟ್ಟು ಎಣಿಸುವ ತಾರ್ಕಿಕರಿಗೆ ನೂಲುವ ಹೆಂಗಸೊಬ್ಬಳು ಕೊಟ್ಟ ಉತ್ತರದಂತೆ ಓದಿಸಿಕೊಳ್ಳುತ್ತದೆ; ಅಲ್ಲಿ ಕಾಯಕವೇ ಪೂಜೆಯಾದ್ದರಿಂದ ರಾಟೆ ಬರಿಯ ಸಾಧನವಾಗಿ ಉಳಿಯಲಿಲ್ಲ.

ನೈಯಾಯಿಕರಿಗೆ ಇಲ್ಲಿ ಸಲ್ಲಬೇಕಾದ ಮನ್ನಣೆಯೊಂದಿದೆ. ಅವರು ಎಲ್ಲ ಕಾರ್ಯಗಳಿಗೂ ಸಾಧಾರಣವಾದ ಕಾರಣಗಳನ್ನು ಎಣಿಸುವಾಗ ದೇಶ, ಕಾಲ, ಈಶ್ವರನ ಜೊತೆಗೆ ಅದೃಷ್ಟವನ್ನೂ, ಎಂದರೆ ಆ ವಸ್ತುವನ್ನು ಮುಂದೆ ಅನುಭವಿಸಲಿರುವವನ ಪುಣ್ಯಪಾಪವನ್ನೂ ಸೇರಿಸುತ್ತಾರೆ. ಗವಸು ಹುಟ್ಟಲು ಅದನ್ನು ತೊಡುವವರೂ ಕಾರಣ! ಕೈಯಿಂದ ಮಾಡಿದ ಸಣ್ಣ ವಸ್ತುಗಳ ವಿಷಯದಲ್ಲಿ ಇದು ಅಕ್ಷರಶಃ ನಿಜ. ಲಾಟ್ವಿಯಾದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಮದುವೆಗೆ ಮುನ್ನ ವರ್ಷಗಟ್ಟಲೆ ಕೈಗವಸುಗಳನ್ನು ಹೆಣೆದು ಪೆಟ್ಟಿಗೆ ತುಂಬಿ, ಮದುವೆಯ ದಿನ ಗಂಡಿನ ಕಡೆಯವರಿಗೆ ಹಂಚುತ್ತಿದ್ದರು. ಇನ್ನೂ ನೋಡಿರದ ಕೈಗಳಿಗಾಗಿ ಅವು ಹುಟ್ಟುತ್ತಿದ್ದವು. 2006ರಲ್ಲಿ ರೀಗಾ ನಗರದಲ್ಲಿ ನೇಟೋ ಶೃಂಗಸಭೆ ನಡೆದಾಗ ಆ ದೇಶ ಅತಿಥಿಗಳಿಗಾಗಿ ಸುಮಾರು 4500 ಜೊತೆ ಕೈಗವಸುಗಳನ್ನು ಹೆಣೆಸಿ ಕೊಟ್ಟದ್ದು ಅದೇ ಪದ್ಧತಿಯ ಮುಂದುವರಿಕೆ.

ಬೆರಳಿಲ್ಲದ ಗವಸಿಗೆ ಅಭಾವದ ವಿಚಾರವೂ ತಳಕು ಹಾಕಿಕೊಂಡಿದೆ. ಇಲ್ಲದಿರುವುದನ್ನೂ ಒಂದು ಪದಾರ್ಥವೆಂದು ಎಣಿಸಿದವರು ವೈಶೇಷಿಕರು. ಅವರ ಏಳು ಪದಾರ್ಥಗಳಲ್ಲಿ ಕೊನೆಯದು ಅಭಾವ. ಈ ಗವಸಿನ ಉಪಯೋಗವೆಲ್ಲ ಅದು ಇಲ್ಲದಿರುವ ಕಡೆ ಇದೆ: ಬರೆಯಲು, ನಾಣ್ಯ ಎಣಿಸಲು, ಇನ್ನೊಂದು ಗವಸು ಹೆಣೆಯಲು ಬೆರಳ ತುದಿ ಬರಿದಾಗಿರಬೇಕು. ಹೆಬ್ಬೆರಳಿನ ಕಿಂಡಿಯನ್ನು ಕತ್ತರಿಸಿ ಮಾಡುವುದಿಲ್ಲ, ಅಲ್ಲಿ ಹೆಣೆಯದೆ ಬಿಟ್ಟು ಮಾಡುತ್ತಾರೆ. ಬಿಡುವುದಕ್ಕೂ ಲೆಕ್ಕ ಬೇಕು. ಇನ್ನು ಬಿಚ್ಚಿ ಮತ್ತೆ ಹೆಣೆದ ಗವಸು ಹಳೆಯದೇ ಹೌದೇ? ಹುಟ್ಟುವ ಮೊದಲಿನ ಅಭಾವಕ್ಕೆ ಆದಿಯಿಲ್ಲ, ಅಂತ್ಯವಿದೆ. ನಾಶದ ಬಳಿಕದ ಅಭಾವಕ್ಕೆ ಆದಿಯಿದೆ, ಅಂತ್ಯವಿಲ್ಲ ಎಂಬುದು ಶಾಸ್ತ್ರ. ಆದ್ದರಿಂದ ಅದೇ ನೂಲು, ಅದೇ ಕುಣಿಕೆ, ಅದೇ ಕೈ ಇದ್ದರೂ ಹೋದ ಗವಸು ಹೋದದ್ದೇ, ಬಂದದ್ದು ಹೊಸದು. ಲೆಕ್ಕ ತಪ್ಪಿ ಅರ್ಧಕ್ಕೆ ಬಿಚ್ಚಿದವರ ಮನಸ್ಸು ಇದನ್ನು ಶಾಸ್ತ್ರ ಓದದೆಯೂ ಒಪ್ಪುತ್ತದೆ.

ಕೊನೆಯದಾಗಿ ಉಳಿಯುವುದು ಜೊತೆಯ ಮಾತು. ಎರಡು ಎಂಬ ಸಂಖ್ಯೆ ವಸ್ತುಗಳಲ್ಲಿ ತಾನಾಗಿ ಇರುವುದಿಲ್ಲ. ‘ಇದು ಒಂದು, ಅದು ಒಂದು’ ಎಂದು ಕೂಡಿಸಿ ನೋಡುವ ಅಪೇಕ್ಷಾಬುದ್ಧಿಯಿಂದ ಅದು ಹುಟ್ಟುತ್ತದೆ, ಆ ಬುದ್ಧಿ ಹೋದಾಗ ಅದೂ ಹೋಗುತ್ತದೆ ಎಂದು ವೈಶೇಷಿಕರು ಹೇಳುತ್ತಾರೆ. ಮೊದಲ ಗವಸು ಮುಗಿದಾಗ ಜೊತೆಯಿನ್ನೂ ಹುಟ್ಟಿರುವುದಿಲ್ಲ. ಹೆಣೆಯುವವಳು ಅದನ್ನು ತೊಡೆಯ ಮೇಲಿಟ್ಟು ಅದರ ಸುತ್ತುಗಳನ್ನು ಎಣಿಸುತ್ತ ಎರಡನೆಯದನ್ನು ಬೆಳೆಸುತ್ತಾಳೆ, ಕೊನೆಯ ಕುಣಿಕೆಯನ್ನು ಮುಚ್ಚಿ ಎರಡನ್ನೂ ಒಂದರ ಪಕ್ಕ ಒಂದನ್ನಿಟ್ಟು ಅಂಗೈಯಿಂದ ಸವರಿ ಸಮಮಾಡಿದಾಗ ಜೊತೆ ಉಂಟಾಗುತ್ತದೆ. ಮುಂದೆಂದೋ ಅವುಗಳಲ್ಲಿ ಒಂದು ಬಸ್ಸಿನಲ್ಲಿಯೋ ಸಂತೆಯಲ್ಲಿಯೋ ಕಳೆದುಹೋದರೆ ಉಳಿದುದರ ಒಂದು ಕುಣಿಕೆಯೂ ಅಲುಗಿರುವುದಿಲ್ಲ, ತೂಕವೂ ಅಷ್ಟೇ ಇರುತ್ತದೆ. ಆದರೂ ಅದು ಒಂಟಿಯಾಗಿರುತ್ತದೆ, ಮತ್ತು ಅದನ್ನು ಹೆಣೆದವಳು ಅದೇ ಬಣ್ಣದ ನೂಲು ಇನ್ನೂ ಮಿಕ್ಕಿದೆಯೇ ಎಂದು ಡಬ್ಬಿ ತೆಗೆದು ನೋಡುತ್ತಾಳೆ.